ಟೀಚರ ಮೈಕಿಗೆ ಟ್ರಾನ್ಸ್‌ಫಾರ್ಮರ್ ಹುಡುಕಿದ ದಿನಗಳು

ಟೀಚರು ನನ್ನ ರಿಪೇರಿ ಅಂಗಡಿಗೆ ಬಂದದ್ದು ಒಂದು ಸೋಮವಾರ ಬೆಳಗ್ಗೆ. ಜೊತೆಗೆ ಅವರ ತಂಗಿ ಇದ್ದರು. ನಮ್ಮ ಅಡ್ಡರಸ್ತೆಯಲ್ಲಿ ನೀರಿನ ಪೈಪಿಗೆ ಅಗೆದಿದ್ದರಿಂದ ಆಟೋದವನು ಹಲಸೂರು ಮಾರ್ಕೆಟ್ ಹತ್ತಿರವೇ ಇಳಿಸಿಬಿಟ್ಟಿದ್ದ. ಬೆಡ್‌ಶೀಟಿನಲ್ಲಿ ಗಂಟು ಕಟ್ಟಿದ್ದ ಒಂದು ಕಬ್ಬಿಣದ ಪೆಟ್ಟಿಗೆಯನ್ನು ಅಕ್ಕತಂಗಿ ಇಬ್ಬರೂ ಎರಡು ಕಡೆ ಹಿಡಿದುಕೊಂಡು ಮರ್ಫಿ ಟೌನಿನವರೆಗೂ ನಡೆದೇ ಬಂದಿದ್ದರು. ಟೀಚರಿಗೆ ಅರವತ್ತೈದರ ಮೇಲಾಗಿತ್ತು. ಸ್ಟೂಲಿನ ಮೇಲೆ ಕೂತು, ಉಸಿರು ತಿರುಗಿಸಿಕೊಂಡು, ಮೊದಲು ನನ್ನ ಬೋರ್ಡಿನ ಮೇಲಿದ್ದ 'ದೂರಸ್ತಿ' ತೋರಿಸಿ, "ದುರಸ್ತಿಗೆ ದೀರ್ಘ ಬೇಡಮ್ಮ, ದು ಸಾಕು" ಅಂದರು. ಆ ಬೋರ್ಡು ಹಾಕಿ ಒಂಬತ್ತು ವರ್ಷವಾಗಿತ್ತು. ಯಾರೂ ಹೇಳಿರಲಿಲ್ಲ.

ಅವರ ದನಿ ಕರಕರ ಅನ್ನುತ್ತಿತ್ತು. ನೆಗಡಿ ಇರಬೇಕು ಅಂದುಕೊಂಡೆ.

ಗಂಟು ಬಿಚ್ಚಿದರೆ ಹಳೆ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವುಗಳ ಒಂದು ಪ್ರೀಆಂಪ್. ಮೈಕಿನ ಸಣ್ಣ ದನಿಯನ್ನು ರೆಕಾರ್ಡ್ ಮಾಡುವಷ್ಟು ದೊಡ್ಡದು ಮಾಡಿಕೊಡುವ ಪೆಟ್ಟಿಗೆ ಅದು. ನೋಡಲು ಅರವತ್ತರ ದಶಕದ ರೇಡಿಯೋ ಸ್ಟೇಷನ್ನಿನಿಂದ ಬಂದ ಹಾಗಿತ್ತು. ಆದರೆ ಅಷ್ಟು ಹಳೆಯದಲ್ಲ. ಟೀಚರ ಗಂಡ ಹಳೆಯ ಮಾದರಿ ನೋಡಿಕೊಂಡು ತಾವೇ ಕಟ್ಟಿದ್ದರು. ಅವರು ತೀರಿಹೋಗಿ ಆರು ವರ್ಷ. ಅದರ ಜೊತೆಗೆ ಒಂದು ರಿಬ್ಬನ್ ಮೈಕು, ಅದನ್ನೂ ಅವರೇ ಎಲ್ಲಿಂದಲೋ ಹುಡುಕಿ ತಂದದ್ದು. ಒಳಗೆ ಬೀಡಿ ಕಾಗದಕ್ಕಿಂತ ತೆಳುವಾದ ಅಲ್ಯುಮಿನಿಯಂ ಪಟ್ಟಿ ಅಲುಗಾಡಿ ದನಿ ಹಿಡಿಯುವ ಜಾತಿಯ ಮೈಕು.

"ಇದ್ರಲ್ಲೇ ಹನ್ನೊಂದು ವರ್ಷದಿಂದ ಪಾಠ ಓದ್ತಾ ಇದೀನಿ. ಕಣ್ಣು ಕಾಣದ ಹೆಣ್ಮಕ್ಕಳ ಹಾಸ್ಟೆಲ್ ಒಂದಿದೆ, ಟಿನ್ ಫ್ಯಾಕ್ಟರಿ ಸ್ಟಾಪ್ ದಾಟಿದ್ಮೇಲೆ. ಆ ಮಕ್ಕಳಿಗೆ" ಅಂದರು ಟೀಚರು. "ಈ ವರ್ಷ ಹತ್ತನೇ ಕ್ಲಾಸಿನ ಕನ್ನಡ. ಇನ್ನು ಮೂರು ಗದ್ಯ, ಒಂದು ಪದ್ಯ ಉಳಿದಿದೆ. ಹೋದ ವಾರ ಇದ್ದಕ್ಕಿದ್ದಂಗೆ ದನಿನೇ ಬರ್ಲಿಲ್ಲ. ನಂದಲ್ಲ, ಇದರದ್ದು."

ತಂಗಿ ನಗಲಿಲ್ಲ. "ಅಕ್ಕಂಗೆ ಗಂಟಲಲ್ಲಿ ಕ್ಯಾನ್ಸರ್. ಮುಂದಿನ ತಿಂಗಳಲ್ಲ, ಇದೇ ತಿಂಗಳು ಆಪರೇಷನ್. ಧ್ವನಿಪೆಟ್ಟಿಗೆ ತೆಗೀತಾರೆ. ಇನ್ನು ಹದಿನೆಂಟು ದಿನ ಇದೆ" ಅಂದರು.

ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಮುಚ್ಚಳ ಬಿಚ್ಚತೊಡಗಿದೆ. ಕೈಗೆ ಕೆಲಸ ಸಿಕ್ಕಿದರೆ ನನಗೆ ಮಾತಾಡುವುದು ತಪ್ಪುತ್ತದೆ.

ಹತ್ತು ನಿಮಿಷದಲ್ಲಿ ರೋಗ ಸಿಕ್ಕಿತು. ಮೈಕಿನಿಂದ ಬರುವ ದನಿ ನೇರವಾಗಿ ವಾಲ್ವಿಗೆ ಹೋದರೆ ಏನೂ ಕೇಳುವುದಿಲ್ಲ. ನಡುವೆ ಹೆಬ್ಬೆರಳಿನಷ್ಟು ದೊಡ್ಡದೊಂದು ಇನ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದರಲ್ಲಿ ಎರಡು ಸುತ್ತು ತಂತಿ. ಮೈಕಿನ ಕಡೆ ಕಡಿಮೆ ಸುತ್ತು, ವಾಲ್ವಿನ ಕಡೆ ಬಹಳ ಸುತ್ತು. ಸುತ್ತು ಎಷ್ಟು ಪಟ್ಟು ಜಾಸ್ತಿಯೋ ದನಿ ಅಷ್ಟು ಪಟ್ಟು ಏರುತ್ತದೆ. ಆ ಎರಡನೇ ಸುತ್ತು ಒಳಗೆಲ್ಲೋ ತುಂಡಾಗಿತ್ತು. ಕೂದಲಿಗಿಂತ ಸಣ್ಣ ತಂತಿ. ಬೆಸುಗೆ ಹಾಕಿದ ಕಡೆ ಹಸಿರು ಕಿಲುಬು ಹಿಡಿದು ತಿಂದುಹಾಕಿತ್ತು.

"ಇದೊಂದು ಭಾಗ ಬದಲಾಯಿಸ್ಬೇಕು ಮೇಡಂ. ನಾಲ್ಕು ದಿನ ಕೊಡಿ" ಅಂದೆ.

"ಅಲ್ಲೀವರೆಗೆ ಫೋನಲ್ಲೇ ಓದಿಬಿಟ್ರೆ ಆಗಲ್ವಾ?" ಅಂದರು ಟೀಚರು.

ಅವರು ಹಾಗೆ ಕೇಳಿದ್ದು ನನಗೆ ಇವತ್ತಿಗೂ ಅಕ್ಷರಕ್ಕಕ್ಷರ ನೆನಪಿದೆ. ನನ್ನ ಉತ್ತರವೂ ನೆನಪಿದೆ. ತಂಗಿಯ ಬಳಿ ಇದ್ದ ಪೆನ್‌ಡ್ರೈವ್ ಹಾಕಿ ಹಿಂದಿನ ಒಂದು ಪಾಠ ಕೇಳಿಸಿಕೊಂಡಿದ್ದೆ. ಅಂಥ ದನಿ ನಾನು ಕೇಳಿರಲಿಲ್ಲ. ಎದುರಿಗೆ ಕೂತು ನಮ್ಮೊಬ್ಬರಿಗೇ ಹೇಳುತ್ತಿದ್ದಾರೆ ಅನ್ನುವ ಹಾಗೆ, ತುಂಬಿಕೊಂಡ ದನಿ. "ಬೇಡ ಮೇಡಂ. ಅರ್ಧ ಪುಸ್ತಕ ಹಿಂಗೆ, ಅರ್ಧ ಇನ್ನೊಂಥರ ಆದ್ರೆ ಆ ಮಕ್ಕಳಿಗೆ ಗೊತ್ತಾಗಿಬಿಡತ್ತೆ. ಅವ್ರಿಗೆ ಕಿವಿನೇ ಎಲ್ಲಾ ಅಲ್ವಾ? ಸಾರ್ ಕಟ್ಟಿದ್ದರಲ್ಲೇ ಮುಗ್ಸೋಣ" ಅಂದೆ.

ಟೀಚರು ಪೆಟ್ಟಿಗೆಯ ಮೇಲೊಮ್ಮೆ ಕೈಯಾಡಿಸಿದರು. "ಆಯ್ತಮ್ಮ" ಅಂದರು.

ನನ್ನ ಡ್ರಾಯರಿನಲ್ಲಿ ಹೊಸದೊಂದು ಟ್ರಾನ್ಸ್‌ಫಾರ್ಮರ್ ಇತ್ತು. ಒಂದಕ್ಕೆ ಹತ್ತು ಪಟ್ಟು ಏರಿಸುವಂಥದ್ದು, ಈಗಿನ ಮೈಕುಗಳಿಗೆ ಸರಿಹೋಗುವಂಥದ್ದು. ಅವತ್ತೇ ಹಾಕಿದೆ. ದನಿ ಬಂತು, ಆದರೆ ಬೇಕಾದ್ದರ ಮೂರನೇ ಒಂದು ಪಾಲೂ ಇಲ್ಲ. ದನಿ ಏರಿಸುವ ಗೇನ್ ಗುಂಡಿ ತಿರುಗಿಸಿದರೆ ದನಿಯ ಜೊತೆಗೆ ವಾಲ್ವಿನ ಸುಯ್ ಸದ್ದೂ ಏರಿತು. ಮೈಕನ್ನು ಅಳೆದು ನೋಡಿದಾಗ ಕಾರಣ ತಿಳಿಯಿತು. ಈಗಿನ ಮೈಕುಗಳು ನೂರೈವತ್ತು, ಇನ್ನೂರು ಓಮಿನವು. ಇದು ಐವತ್ತು ಓಮಿನದು, ಕೊಡುವ ದನಿಯೂ ಅಷ್ಟೇ ಸಣ್ಣದು. ಇದಕ್ಕೆ ಮೂವತ್ತು ಪಟ್ಟು ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕಿತ್ತು. ಸಾಲದ್ದಕ್ಕೆ ಹೊಸದರ ಸುತ್ತ ಕವಚವಿರಲಿಲ್ಲ. ಕರೆಂಟಿನ ಗುಂಯ್ ಸದ್ದು ನೇರವಾಗಿ ಒಳಗೆ ನುಗ್ಗುತ್ತಿತ್ತು. ಅದನ್ನು ಇಷ್ಟಿಷ್ಟೇ ತಿರುಗಿಸಿ, ಗುಂಯ್ ಕಡಿಮೆಯಾಗುವ ಕೋನ ಹುಡುಕುವುದರಲ್ಲಿ ಮಂಗಳವಾರ ಪೂರ್ತಿ ಹೋಯಿತು.

ಬುಧವಾರ ಎಸ್.ಪಿ. ರೋಡಿಗೆ ಹೋದೆ. ಹಳೆ ಸಾಮಾನಿನ ಅಂಗಡಿಯೊಂದರಲ್ಲಿ, ಕಳಚಿಹಾಕಿದ ಟೇಪ್ ರೆಕಾರ್ಡರಿನ ರಾಶಿಯೊಳಗೆ ಕೈ ಹಾಕಿ ಹುಡುಕಿದಾಗ ಮೂವತ್ತು ಪಟ್ಟಿನದೇ ಒಂದು ಸಿಕ್ಕಿತು. ಅದಕ್ಕೆ ಕವಚವೂ ಇತ್ತು. ಬಸ್ಸಿನಲ್ಲಿ ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಬಂದೆ.

ಗೇನ್ ಸರಿಹೋಯಿತು. ಗುಂಯ್ ಹೋಯಿತು. ಆದರೆ ಸ, ಶ, ಷ ಮೂರೂ ಕಿವಿಗೆ ಚುಚ್ಚಿದವು. ಟ್ರಾನ್ಸ್‌ಫಾರ್ಮರ್ ಯಾವ ಸರ್ಕ್ಯೂಟಿಗೆ ಹುಟ್ಟಿದ್ದೋ ಅದೇ ಸರ್ಕ್ಯೂಟಿನಲ್ಲಿ ಸುಮ್ಮನಿರುತ್ತದೆ. ಬೇರೆ ಕಡೆ ಹಾಕಿದರೆ ಮೇಲಿನ ಸ್ವರಗಳಲ್ಲಿ ತಾನೇ ಕಿಣಿಕಿಣಿ ಅನ್ನತೊಡಗುತ್ತದೆ. ಅದನ್ನು ಸುಮ್ಮನಾಗಿಸಲು ಎರಡನೇ ಸುತ್ತಿಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಹಾಕುತ್ತಾರೆ. ಹಾಕಿದೆ. ಚುಚ್ಚುವುದು ನಿಂತಿತು, ಆದರೆ ದನಿಯ ಅಡಿಪಾಯವೇ ಹೋಯಿತು. ರಿಬ್ಬನ್ ಮೈಕಿನ ಮೇಲೆ ರೆಸಿಸ್ಟರಿನ ಭಾರ ಬಿದ್ದರೆ ಅದು ಕೆಳಗಿನ ಸ್ವರಗಳನ್ನು ಬಿಟ್ಟುಕೊಡುತ್ತದೆ. ಟೀಚರ ಹಳೆಯ ದನಿಯಲ್ಲಿ ನನಗೆ ಇಷ್ಟವಾಗಿದ್ದು ಆ ಕೆಳಗಿನದೇ. ರೆಸಿಸ್ಟರ್ ದೊಡ್ಡದು ಮಾಡಿದರೆ ಅಡಿಪಾಯ ಬರುತ್ತದೆ, ಸ ಚುಚ್ಚುತ್ತದೆ. ಚಿಕ್ಕದು ಮಾಡಿದರೆ ಸ ಸುಮ್ಮನಾಗುತ್ತದೆ, ಅಡಿಪಾಯ ಹೋಗುತ್ತದೆ. ಕೊನೆಗೆ ರೆಸಿಸ್ಟರಿನ ಬೆನ್ನಿಗೆ ಒಂದು ಸಣ್ಣ ಕೆಪಾಸಿಟರ್ ಕಟ್ಟಿ, ಮೇಲಿನ ಸ್ವರಗಳಿಗೆ ಮಾತ್ರ ಭಾರ ಬೀಳುವ ಹಾಗೆ ಮಾಡಿದೆ. ಅವೆರಡರ ಅಳತೆಗಳನ್ನು ಒಂದೊಂದಾಗಿ ಬದಲಾಯಿಸಿ, ಪ್ರತಿಸಲ ನನ್ನದೇ ದನಿಯಲ್ಲಿ "ಸಂಜೆಯ ಸಂತೆಯಲ್ಲಿ ಶುಂಠಿ" ಅಂತ ಹೇಳಿ, ಕೇಳಿ, ಮತ್ತೆ ಬದಲಾಯಿಸಿದೆ. ಗುರುವಾರ, ಶುಕ್ರವಾರ, ಶನಿವಾರ ಮೂರು ದಿನ ಹಾಗೇ ಹೋದವು.

ಮರುಸೋಮವಾರ ಪೆಟ್ಟಿಗೆ ತೆಗೆದುಕೊಂಡು ಸರ್ವಜ್ಞನಗರದ ಅವರ ಮನೆಗೆ ಹೋದೆ. ಎರಡು ಕಡೆ ಫ್ಲ್ಯಾಟುಗಳೆದ್ದು ನಡುವೆ ಉಳಿದ ಹೆಂಚಿನ ಮನೆ. ಓದುವ ಕೋಣೆಯ ಗೋಡೆಗಳಿಗೆ ಹಳೆ ರಜಾಯಿ ತೂಗುಹಾಕಿದ್ದರು. ರೈಲು ಹೋಗುವ ಹೊತ್ತುಗಳನ್ನು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಿದ್ದರು. ಒಂದು ವಾರದಲ್ಲಿ ಟೀಚರು ಸೊರಗಿದ್ದರು. ಮಾತಾಡುವಾಗ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಆದರೂ ಒಂದು ಪುಟ ಓದಿದರು. ಓದಲು ಕೂತರೆ ಕರಕರ ಕಡಿಮೆಯಾಗುತ್ತಿತ್ತು. ಹಾಗೆ ಯಾಕೆ ಅಂತ ನನಗೆ ಗೊತ್ತಿಲ್ಲ.

ಹೆಡ್‌ಫೋನ್ ಹಾಕಿಕೊಂಡು ಕೇಳಿ, "ಚೆನ್ನಾಗೇ ಇದ್ಯಲ್ಲಮ್ಮ" ಅಂದರು.

"ಇಲ್ಲ ಮೇಡಂ. ಸ ಕೇಳಿ. ಇನ್ನೂ ಚೂರು ಚುಚ್ತಾ ಇದೆ."

"ನಂಗೇನೂ ಹಂಗೆ ಅನ್ನಿಸ್ಲಿಲ್ಲ."

"ಹಳೇದು ಹಾಕ್ತೀನಿ, ಕೇಳಿ. ಗೊತ್ತಾಗತ್ತೆ." ಹಾಕಿದೆ. ಅವರು ಕೇಳಿಸಿಕೊಂಡರು. ಹಳೆಯದು ಎರಡು ವರ್ಷದ ಹಿಂದಿನದು. ಅವರ ದನಿಗೆ ಏನೂ ಆಗಿರದಿದ್ದ ಕಾಲದ್ದು. ನನಗೆ ಆಗ ಅದು ಹೊಳೆಯಲಿಲ್ಲ. ಹೋಲಿಸುತ್ತಿರುವುದು ಟ್ರಾನ್ಸ್‌ಫಾರ್ಮರುಗಳನ್ನು ಅಂದುಕೊಂಡಿದ್ದೆ.

ಟೀಚರು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. "ಹೌದು, ಅದೇ ಬೇರೆ" ಅಂದರು.

"ಸಾರ್ ಹಾಕಿದ್ದನ್ನೇ ಮತ್ತೆ ಸುತ್ತಿಸ್ತೀನಿ. ಶಿವಾಜಿನಗರದಲ್ಲಿ ಒಬ್ರು ಚಾಚಾ ಇದಾರೆ. ಒಂದು ವಾರ ಸಾಕು. ಇನ್ನೂ ಹನ್ನೊಂದು ದಿನ ಇದ್ಯಲ್ಲ" ಅಂದೆ.

ತಂಗಿ ಬಾಗಿಲಲ್ಲಿ ನಿಂತಿದ್ದರು. "ಇವತ್ತು ಹೆಂಗೂ ಬರ್ತಾ ಇದೆ, ಓದಿಬಿಡಕ್ಕ" ಅಂದರು. ಟೀಚರು ನನ್ನ ಕಡೆ ನೋಡಿದರು. ನಾನು ಆಗಲೇ ವೈರು ಸುತ್ತುತ್ತಿದ್ದೆ.

ಮರುದಿನ ಶಿವಾಜಿನಗರಕ್ಕೆ ಹೋದೆ. ಚಾಚಾ ಐವತ್ತು ವರ್ಷದಿಂದ ತಂತಿ ಸುತ್ತುತ್ತಿರುವ ಮನುಷ್ಯ. ಮೋಟಾರು, ಫ್ಯಾನು, ಸ್ಟೆಬಿಲೈಸರು ಸುತ್ತಿ ಬದುಕುವುದು. ಇಂಥ ಸಣ್ಣ ಕೆಲಸ ಈಗ ಅವರ ಹತ್ತಿರ ವರ್ಷಕ್ಕೆ ಒಂದೋ ಎರಡೋ ಬರುತ್ತದೆ. ಒಂದು ಕಣ್ಣಿಗೆ ಪೊರೆ ತೆಗೆಸಿದ್ದರು, ಇನ್ನೊಂದು ಬಾಕಿ ಇತ್ತು. ಟ್ರಾನ್ಸ್‌ಫಾರ್ಮರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಬಹುತ್ ಅಚ್ಛಾ ಮಾಲ್. ಇದನ್ ಮಾಡಿದ್ ಯಾರು?" ಅಂದರು.

"ಒಬ್ರು ಸಾರ್ ಚಾಚಾ, ತೀರ್ಕೊಂಡ್ರು. ಜಲ್ದಿ ಬೇಕಿತ್ತು."

"ಜಲ್ದಿ ನಕ್ಕೋ ಬೇಟಿ. ಇದು ಜಲ್ದಿ ಆಗೋ ಕೆಲ್ಸ ಅಲ್ಲ. ಯಾಕೆ ಅರ್ಜೆಂಟು?"

"ಕಸ್ಟಮರ್ ಅರ್ಜೆಂಟ್ ಮಾಡ್ತಾ ಇದಾರೆ."

ಅಷ್ಟೇ ಹೇಳಿದೆ. ಟೀಚರ ವಿಷಯ ಬಾಯಿಗೆ ಬರಲಿಲ್ಲ.

ಬಿಸಿನೀರಿನಲ್ಲಿಟ್ಟು ಮೇಣ ಕರಗಿಸಿ, ಹೊರಗಿನ ಡಬ್ಬಿ ಬಿಡಿಸಿದರು. ಅದು ಮ್ಯೂಮೆಟಲ್ ಅನ್ನುವ ಲೋಹ. ಗುಂಯ್ ಸದ್ದನ್ನು ತಾನೇ ಹೀರಿಕೊಳ್ಳುತ್ತದೆ. ಬಗ್ಗಿಸಿದರೆ, ಬೀಳಿಸಿದರೆ ಆ ಗುಣ ಕಳೆದುಕೊಳ್ಳುತ್ತದೆ. ಒಳಗಿನ ತಗಡುಗಳೂ ಅದೇ ಜಾತಿಯವು. ಚಾಚಾ ಅವನ್ನು ಒಂದೊಂದಾಗಿ ಎತ್ತಿ ಹತ್ತಿಯ ಮೇಲೆ ಸಾಲಾಗಿ ಮಲಗಿಸಿದರು. ಆಮೇಲೆ ಹಳೆ ತಂತಿ ಬಿಚ್ಚುತ್ತಾ ಎಣಿಸಿದೆವು. ಅವರು ತಿರುಗಿಸಿದರು, ನಾನು ಬರೆದುಕೊಂಡೆ. ಮೈಕಿನ ಕಡೆ ನೂರಹತ್ತು ಸುತ್ತು. ವಾಲ್ವಿನ ಕಡೆ ಮೂರು ಸಾವಿರದ ಮುನ್ನೂರು. ಆ ಸಣ್ಣ ತಂತಿಯನ್ನು ನಡುನಡುವೆ ಕಾಗದ ಹಾಕಿ, ಎರಡು ಪಾಲಾಗಿ ಸುತ್ತಿದ್ದರು. ಸ ಚುಚ್ಚದೇ ಇದ್ದದ್ದರ ಗುಟ್ಟು ಆ ಎರಡು ಪಾಲಿನಲ್ಲಿತ್ತು. ಅದನ್ನು ಕಂಡು ಚಾಚಾ ಕೈ ನಿಲ್ಲಿಸಿ, "ದೇಖ್, ದೇಖ್" ಅಂದರು. ನನಗೂ ಖುಷಿಯಾಯಿತು.

ಶುಕ್ರವಾರ ಮಧ್ಯಾಹ್ನ ಅವರ ಅಂಗಡಿಯಲ್ಲೇ ಇದ್ದೆ. ಎರಡನೇ ಪಾಲು ನಡೆದಿತ್ತು. ಎರಡು ಸಾವಿರದ ಆರುನೂರು ಚಿಲ್ಲರೆ ಸುತ್ತಾಗಿತ್ತು. ತಂತಿ ಹರಿಯಿತು. ಸದ್ದೇನೂ ಇಲ್ಲ, ಚಾಚಾರ ಬೆರಳು ಸಡಿಲವಾದದ್ದು ಕಂಡೇ ಗೊತ್ತಾಗಿದ್ದು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮಾಫ್ ಮಾಡು ಬೇಟಿ. ಕೈ ನಡುಗ್ತು. ಮೊದಲಿಂದ ಸುತ್ಬೇಕು" ಅಂದರು.

ನನ್ನ ಫೋನು ಹೊಡೆದುಕೊಂಡಿತು. ಟೀಚರ ತಂಗಿ. "ಇವತ್ತು ಚೆಕಪ್‌ಗೆ ಹೋಗಿದ್ವಿ. ಉಸಿರಿನ ದಾರಿ ಕಿರಿದಾಗ್ತಾ ಇದೆಯಂತೆ, ಕಾಯೋಕಾಗಲ್ಲ ಅಂದ್ರು ಡಾಕ್ಟರ್. ಸೋಮವಾರ ಅಡ್ಮಿಟ್, ಮಂಗಳವಾರ ಆಪರೇಷನ್" ಅಂದರು. ಆಮೇಲೆ, "ಅಕ್ಕ ನಿಮ್ಗೆ ಹೇಳ್ಬೇಡ, ಗಾಬರಿ ಆಗ್ತಾರೆ ಅಂದ್ಳು. ನಾನೇ ಮಾಡಿದೆ" ಅಂದರು.

ಎಣಿಸಿದೆ. ಒಂದು ವಾರವಿದೆ ಅಂದುಕೊಂಡಿದ್ದಲ್ಲಿ ಎರಡೂವರೆ ದಿನ.

ಚಾಚಾ ಹೊಸ ತಂತಿಯ ಉರುಳೆ ತೆಗೆಯುತ್ತಿದ್ದರು. "ನೀವು ನಿಧಾನಕ್ಕೆ ಮಾಡಿ ಚಾಚಾ" ಅಂತಷ್ಟೇ ಹೇಳಿ ಎದ್ದೆ. ನನ್ನ ಅಂಗಡಿಗೆ ಹೋಗಿ, ಗಿರಾಕಿಗಳ ಸಾಮಾನು ಪರೀಕ್ಷಿಸಲು ಇಟ್ಟುಕೊಂಡಿದ್ದ ಕೈಯಗಲದ ರೆಕಾರ್ಡಿಂಗ್ ಡಬ್ಬಿ, ಅದಕ್ಕೊಂದು ಸಾಧಾರಣ ಮೈಕು, ಲ್ಯಾಪ್‌ಟಾಪ್ ಚೀಲಕ್ಕೆ ತುಂಬಿಕೊಂಡೆ. ಅದರಲ್ಲಿ ಯಾವ ವಾಲ್ವೂ ಇರಲಿಲ್ಲ, ಸುತ್ತಿದ ತಂತಿಯೂ ಇರಲಿಲ್ಲ. ಇವನ್ನೆಲ್ಲ ಮೊದಲ ಸೋಮವಾರವೇ ಒಯ್ಯಬಹುದಿತ್ತು. ನಾಲ್ಕು ಗಂಟೆಗೆಲ್ಲ ಟೀಚರ ಮನೆಯಲ್ಲಿದ್ದೆ.

ಅವರು ನನ್ನನ್ನು ಕಂಡು, ತಂಗಿಯ ಕಡೆ ಒಮ್ಮೆ ನೋಡಿ, ಪುಸ್ತಕ ತೆಗೆದುಕೊಂಡು ಬಂದು ಕೂತರು. "ಇದ್ರಲ್ಲೇ?" ಅಂದರು.

"ಇದ್ರಲ್ಲೇ ಮೇಡಂ."

ಅವತ್ತು ಮೊದಲ ಗದ್ಯದ ಅರ್ಧ ಆಯಿತು. ಎರಡು ಸಾಲಿಗೊಮ್ಮೆ ಉಸಿರಿಗೆ ನಿಲ್ಲುತ್ತಿದ್ದರು. ನಿಂತಲ್ಲೆಲ್ಲ ಕತ್ತರಿಸಿ ಜೋಡಿಸುತ್ತೇನೆ ಅಂದೆ. ತಲೆಯಾಡಿಸಿದರು. ಶನಿವಾರ ಬೆಳಗ್ಗೆ ಎಂಟಕ್ಕೇ ಶುರು ಮಾಡಿದೆವು. ತಂಗಿ ಬಿಸಿನೀರು ಕೊಡುತ್ತಾ ಇದ್ದರು. ಹತ್ತು ನಿಮಿಷ ಓದು, ಅರ್ಧ ಗಂಟೆ ಮೌನ. ಅವರಿಗೆ ಮಾತು ಖರ್ಚಾಗಬಾರದು ಅಂತ ನಾವೂ ಆಡುತ್ತಿರಲಿಲ್ಲ. ಸಂಜೆ ಹೊತ್ತಿಗೆ ಮೊದಲ ಗದ್ಯ ಮುಗಿದು, ಎರಡನೆಯದೂ ಮುಗಿಯಿತು. ಎರಡನೆಯದರಲ್ಲಿ ಒಂದು ತಮಾಷೆಯ ಮಾತಿತ್ತು. ಅಲ್ಲಿ ಟೀಚರು ಪಾತ್ರದ ದನಿ ತೆಗೆದು ಓದಿ, ತಾವೇ ನಕ್ಕರು. ನಗು ಕೆಮ್ಮಾಯಿತು. ಆ ಜಾಗವನ್ನು ನಾನು ಕತ್ತರಿಸಿಲ್ಲ. ನನ್ನ ಹತ್ತಿರ ಇದೆ.

ಭಾನುವಾರ ಚರ್ಚಿಗೆ ಹೋಗುವವರ ಗಾಡಿಗಳ ಸದ್ದು ನಿಲ್ಲಲಿ ಅಂತ ಕಾದು, ಮೂರನೆಯದಕ್ಕೆ ಕೂತೆವು. ಮೂರು ಪುಟ ಆಯಿತು. ನಾಲ್ಕನೇ ಪುಟದಲ್ಲಿ, ಒಂದು ವಾಕ್ಯದ ನಡುವೆ, ದನಿ ನಿಂತಿತು. ತುಟಿ ಆಡುತ್ತಿತ್ತು, ಗಾಳಿ ಮಾತ್ರ ಬರುತ್ತಿತ್ತು. ನೀರು ಕುಡಿದರು. ಆವಿ ತೆಗೆದುಕೊಂಡರು. ಮಧ್ಯಾಹ್ನ ಮಲಗಿ ಎದ್ದರು. ಮೂರು ಗಂಟೆಗೆ ಮತ್ತೆ ಮೈಕಿನ ಮುಂದೆ ಕೂತರು. ಪಿಸುದನಿ ಬಂತು, ಮಾತು ಬರಲಿಲ್ಲ. ಐದು ಗಂಟೆಗೆ ಪುಸ್ತಕ ಮುಚ್ಚಿ ನನ್ನ ಕೈ ಹಿಡಿದುಕೊಂಡರು. ಅವರ ಕೈ ಬೆಚ್ಚಗಿತ್ತು.

"ನಾಳೆ ಬೆಳಗ್ಗೆ ಅಡ್ಮಿಟ್ ಆಗೋಕೆ ಮೊದ್ಲು ಬರ್ತೀನಿ ಮೇಡಂ. ಬೆಳಗ್ಗೆ ದನಿ ಬಂದ್ರೂ ಬರ್ಬಹುದು" ಅಂದೆ. ಹೋದೆ ಕೂಡ. ಬಂದಿರಲಿಲ್ಲ.

ಮಂಗಳವಾರ ಆಪರೇಷನ್ ಆಯಿತು. ಜೀವಕ್ಕೆ ಅಪಾಯವಿಲ್ಲ ಅಂತ ತಂಗಿ ಸಂಜೆ ಫೋನು ಮಾಡಿ ಹೇಳಿದರು. ಆ ವಾರವೆಲ್ಲ ನಾನು ರೆಕಾರ್ಡ್ ಆದದ್ದನ್ನು ಕತ್ತರಿಸಿ ಜೋಡಿಸಿದೆ. ಪರೀಕ್ಷೆಗೆ ಮೂರೇ ತಿಂಗಳು ಉಳಿದಿತ್ತು, ಆದಷ್ಟನ್ನಾದರೂ ಹಾಸ್ಟೆಲಿಗೆ ತಲುಪಿಸಬೇಕಿತ್ತು. ಶನಿವಾರ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಬದಲಾಯಿಸಿ ಅಲ್ಲಿಗೆ ಹೋದೆ.

ವಾರ್ಡನ್ ಪೆನ್‌ಡ್ರೈವ್ ಹಾಕಿದರು. ಹತ್ತನೇ ಕ್ಲಾಸಿನ ಹುಡುಗಿಯರು ಏಳೆಂಟು ಜನ ಸುತ್ತ ಕೂತರು. ಹಳೆಯ ಪಾಠ ಒಂದು ನಿಮಿಷ, ಆಮೇಲೆ ಹೊಸದು. ನಾನು ಅವರ ಮುಖ ನೋಡುತ್ತಿದ್ದೆ. ಸ ಚುಚ್ಚುತ್ತದೆಯಾ, ಅಡಿಪಾಯ ತೆಳುವಾಗಿದೆಯಾ, ಬೇರೆ ಮೈಕು ಅಂತ ಯಾರು ಮೊದಲು ಹೇಳುತ್ತಾರೆ ಅಂತ ಕಾಯುತ್ತಿದ್ದೆ. ಎರಡು ಜಡೆಯ ಹುಡುಗಿಯೊಬ್ಬಳು ಕತ್ತು ಒಂದು ಕಡೆ ವಾಲಿಸಿ ಕೇಳಿಸಿಕೊಂಡು, "ಟೀಚರ್‌ಗೆ ಉಸಿರು ಸಾಲ್ತಾ ಇಲ್ಲ, ಅಲ್ವಾ ಆಂಟಿ?" ಅಂದಳು.

ಉಸಿರೆಲ್ಲ ಕತ್ತರಿಸಿ ತೆಗೆದಿದ್ದೆ. ಆದರೂ ಗೊತ್ತಾಗಿತ್ತು.

"ಮೈಕ್ ಬೇರೆ ಅನ್ನಿಸ್ತಾ?" ಅಂತ ಕೇಳಿದೆ. ಕೇಳಬಾರದಿತ್ತು.

"ಹ್ಞೂಂ, ಬೇರೆ. ಅದಕ್ಕೇನು?" ಅಂದಳು ಅವಳು. "ಟೀಚರೇ ಅಲ್ವಾ ಓದ್ತಾ ಇರೋದು. ಉಳಿದಿದ್ದು ಯಾವಾಗ ಬರತ್ತೆ?"

ವಾರ್ಡನ್ನಿಗೆ ವಿಷಯ ಗೊತ್ತಿತ್ತು, ಅವರೇ ಏನೋ ಹೇಳಿದರು.

ಅದಾಗಿ ಹತ್ತು ದಿನಕ್ಕೆ ಚಾಚಾ ಕರೆದು ಟ್ರಾನ್ಸ್‌ಫಾರ್ಮರ್ ಕೊಟ್ಟರು. ಮೊದಲಿಂದ ಸುತ್ತಿ, ತಗಡು ಜೋಡಿಸಿ, ಮೇಣ ಹುಯ್ದು, ಹಳೆಯ ಡಬ್ಬಿಯಲ್ಲೇ ಕೂರಿಸಿದ್ದರು. ಪ್ರೀಆಂಪಿಗೆ ಹಾಕಿ ಅಳೆದೆ. ಮೂವತ್ತರಿಂದ ಹದಿನೈದು ಸಾವಿರ ಹರ್ಟ್ಸಿನವರೆಗೆ ಗೆರೆ ಎಳೆದ ಹಾಗೆ ನೆಟ್ಟಗೆ. ಎಲ್ಲೂ ಏರಿಲ್ಲ, ಎಲ್ಲೂ ಇಳಿದಿಲ್ಲ, ಗುಂಯ್ ಇಲ್ಲ. ಇಪ್ಪತ್ತು ವರ್ಷದಲ್ಲಿ ನನ್ನ ಬೆಂಚಿನ ಮೇಲೆ ಅಷ್ಟು ಒಳ್ಳೆಯ ಕೆಲಸ ಬಂದಿರಲಿಲ್ಲ. ಮೈಕು ಹಚ್ಚಿದೆ. ಒಂದು, ಎರಡು, ಮೂರು ಅಂದೆ. ಆರಿಸಿಬಿಟ್ಟೆ.

"ಆವಾಜ್ ಹೆಂಗ್ ಬಂತು?" ಅಂತ ಚಾಚಾ ಎರಡು ದಿನ ಬಿಟ್ಟು ಫೋನು ಮಾಡಿದರು. ಫೋನಿನಲ್ಲಿ ಹೇಳಲಾಗಲಿಲ್ಲ. ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟರು.

"ಅವ್ರ ಗಂಟ್ಲು ಹಿಂಗೆ ಅಂತ ಮೊದ್ಲೇ ಹೇಳ್ಬೇಕಿತ್ತು ಬೇಟಿ" ಅಂದರು. "ಆ ಟೇಪ್ ರೆಕಾರ್ಡರ್‌ದೇ ಹಾಕು, ಓದ್ಸು, ಹೋಗು ಅಂತಿದ್ದೆ. ತಂತಿ ಕಾಯತ್ತೆ. ಗಂಟ್ಲು ಕಾಯತ್ತಾ?"

ತಿಂಗಳಾದ ಮೇಲೆ ಟೀಚರನ್ನು ನೋಡಲು ಹೋದೆ. ಪ್ರೀಆಂಪನ್ನೂ ಒಯ್ದಿದ್ದೆ. ಅವರ ಕುತ್ತಿಗೆಯ ಕೆಳಗೆ, ಆಪರೇಷನ್ನಿನಲ್ಲಿ ಮಾಡಿದ ತೂತಿನ ಮೇಲೆ, ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿತ್ತು. ಉಸಿರು ಅಲ್ಲಿಂದಲೇ ಆಡುತ್ತಿತ್ತು. ಮುಂದೆ ಯಂತ್ರವಿಟ್ಟುಕೊಂಡು ಮಾತು ಕಲಿಯಬಹುದಂತೆ, ಅದಕ್ಕೆ ಇನ್ನೂ ಸಮಯವಿದೆ ಅಂತ ತಂಗಿ ಹೇಳಿದರು. ಟೀಚರ ತೊಡೆಯ ಮೇಲೆ ನೋಟ್‌ಬುಕ್ಕು, ಪೆನ್ಸಿಲ್ಲು ಇದ್ದವು.

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನ್ನು ಹೇಳಿದೆ. ಮೊದಲ ದಿನ ನೀವು ಫೋನಿನಲ್ಲಿ ಓದಲಾ ಅಂದಿರಿ, ನಾನು ಬೇಡ ಅಂದೆ. ಎರಡನೇ ಸೋಮವಾರ ಚೆನ್ನಾಗೇ ಇದೆ ಅಂದಿರಿ, ನಾನು ಪೆಟ್ಟಿಗೆ ಎತ್ತಿಕೊಂಡು ಹೋದೆ. ನನ್ನಿಂದ ಹೀಗಾಯಿತು ಮೇಡಂ.

ಟೀಚರು ಬರೆದರು. ಅವರ ಬರಹದಲ್ಲಿ ಅವಸರವಿರಲಿಲ್ಲ. "ನನಗೂ ಆಸೆ ಇತ್ತು. ಅವರು ಕಟ್ಟಿದ್ದರಲ್ಲಿ ಮುಗಿಸಬೇಕು ಅಂತ. ಅದಕ್ಕೇ ಸುಮ್ಮನಿದ್ದೆ." ಓದಿ ನಾನು ತಲೆಯೆತ್ತುವ ಮೊದಲೇ ಪುಸ್ತಕ ಹಿಂದಕ್ಕೆ ತೆಗೆದುಕೊಂಡು ಇನ್ನೊಂದು ಸಾಲು ಸೇರಿಸಿದರು. "ಆದರೂ ಆ ಸೋಮವಾರ ಓದಿಬಿಡಬೇಕಾಗಿತ್ತು."

ಸಮಾಧಾನ ಮಾಡುತ್ತಾರೆ ಅಂದುಕೊಂಡು ಹೋಗಿದ್ದೆ ಅಂತ ಆಗ ನನಗೆ ತಿಳಿಯಿತು. ಅವರು ಮಾಡಲಿಲ್ಲ. ಕೋಪವನ್ನೂ ಮಾಡಲಿಲ್ಲ. ಪುಟ ತಿರುಗಿಸಿ, "ಉಳಿದದ್ದನ್ನು ನೀನು ಓದು" ಅಂತ ಬರೆದರು.

"ನಾನಾ? ನನ್ ಕನ್ನಡ ನಿಮ್ಗೆ ಗೊತ್ತಲ್ಲ ಮೇಡಂ. ಮನೇಲಿ ತಮಿಳು ನಾವು. ದುರಸ್ತಿನೇ ನೆಟ್ಟಗೆ ಬರೆಯೋಕೆ ಬರ್ಲಿಲ್ಲ."

"ನಾನು ಇದ್ದೇನಲ್ಲ" ಅಂತ ಬರೆದು ಪಾಠಪುಸ್ತಕ ಕೈಗೆ ಕೊಟ್ಟರು.

ಪ್ರೀಆಂಪಿನ ಗಂಟು ಬಿಚ್ಚಲು ಹೋದೆ. ಅವರು ಬೇಡ ಅಂತ ಕೈಯಾಡಿಸಿ ನನ್ನ ಚೀಲ ತೋರಿಸಿದರು. ಅರ್ಧಕ್ಕೆ ನಿಂತ ಪಾಠದ ಅವರ ಮೂರು ಪುಟ ಇದ್ದದ್ದು ಆ ಸಣ್ಣ ಡಬ್ಬಿಯಲ್ಲಿ. ಉಳಿದದ್ದೂ ಅದರಲ್ಲೇ ಇರಲಿ ಅಂತ. ಪ್ರೀಆಂಪು ಹಾಸ್ಟೆಲಿಗೆ, ಮುಂದೆ ಓದುವವರಿಗೆ ಅಂತ ಆಮೇಲೆ ಬರೆದು ತಿಳಿಸಿದರು.

ರಜಾಯಿಯ ಕೋಣೆಯಲ್ಲಿ ಕೂತೆವು. ಅವರ ದನಿ ನಿಂತ ಜಾಗ ಹುಡುಕಿ ತೆಗೆದೆ. ನಡುವಾಕ್ಯ. "ಮೇಡಂ, ಈ ಪ್ಯಾರಾನ ಮೊದಲಿಂದ ನಾನೇ ಓದ್ತೀನಿ. ಇಲ್ಲಾಂದ್ರೆ ಒಂದೇ ವಾಕ್ಯದಲ್ಲಿ ಎರಡು ದನಿ ಬರತ್ತೆ. ಮಕ್ಕಳಿಗೆ ಕಿರಿಕಿರಿ" ಅಂದೆ.

ಟೀಚರು ಬೇಗ ಬೇಗ ಬರೆದರು. ಅವರು ಅವಸರವಾಗಿ ಬರೆದದ್ದನ್ನು ನೋಡಿದ್ದು ಅದೊಂದೇ ಸಲ. "ಅಷ್ಟನ್ನು ನಾನು ಓದಿದ್ದೇನೆ. ಒಂದಕ್ಷರ ಅಳಿಸಬೇಡ."

ಇಬ್ಬರೂ ಒಂದೊಂದು ಹೆಡ್‌ಫೋನ್ ಹಾಕಿಕೊಂಡೆವು. ಪಾಠದಲ್ಲಿ ಒಬ್ಬ ಮುದುಕಿ ಕೆರೆಯಿಂದ ನೀರು ತರುತ್ತಿರುತ್ತಾಳೆ. "ಅವಳು ಏರಿಯ ಮೇಲೆ ನಿಂತು, ತಲೆಯ ಮೇಲಿನ" ಅಂದು ಟೀಚರ ದನಿ ನಿಂತಿತು. ಅವರು ಕಣ್ಣು ಮುಚ್ಚಿಕೊಂಡಿದ್ದರು. ತೆರೆದು, ಓದು ಅಂತ ಪೆನ್ಸಿಲ್ ಎತ್ತಿದರು.

"ಬಾರದ ಕೊಡವನ್ನು" ಅಂದೆ.

ಪೆನ್ಸಿಲ್ಲಿನಿಂದ ಮೇಜಿಗೆ ಕುಟ್ಟಿದರು. ನೋಟ್‌ಬುಕ್ಕಿನಲ್ಲಿ ಭ ಅಂತ ಇಡೀ ಪುಟ ತುಂಬುವ ಹಾಗೆ ಬರೆದು ನನ್ನ ಮುಂದೆ ಹಿಡಿದರು. ಮತ್ತೆ ಹೇಳಿದೆ. ಮತ್ತೆ ಕುಟ್ಟಿದರು. ತಮ್ಮ ಅಂಗೈಯನ್ನು ನನ್ನ ಬಾಯಿಯ ಹತ್ತಿರ ತಂದು, ಉಸಿರು ಇಲ್ಲಿಗೆ ತಾಗಬೇಕು ಅಂತ ತೋರಿಸಿದರು. ಮೂರನೇ ಸಲಕ್ಕೆ ತಾಗಿತು. ಅವರು ಕೈ ತೆಗೆದು, ಮುಂದಿನ ಸಾಲಿನ ಮೇಲೆ ಬೆರಳಿಟ್ಟರು.